ನೀಲಿ ಗಾಡಿಯ ಗಿರಾಕಿ

ಟಿಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಂದು ಟಿಕ್.

ತುರ್ತು ಆಪರೇಷನ್ ಒಂದನ್ನು ಮುಗಿಸಿಕೊಂಡು ವುಲ್ವರ್‌ಹ್ಯಾಂಪ್ಟನ್‌ನಿಂದ ಗಂಡನ ದೊಡ್ಡ ಗಾಡಿಯಲ್ಲಿ ಅಪರಾತ್ರಿ ಮನೆಗೆ ಬಂದಿದ್ದ ವಾಸಂತಿ ದೀಪ ಹಾಕದೆ ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟು ಕಿವಿಗೊಟ್ಟಳು. ಗಡಿಯಾರವಲ್ಲ, ಅದಕ್ಕೊಂದು ಲಯವಿರುತ್ತದೆ. ಬಾಯ್ಲರೂ ಅಲ್ಲ, ಅದು ಸದ್ದು ಮಾಡುವ ಮುಂಚೆ ಕೆಮ್ಮುತ್ತದೆ. ಸದ್ದು ಬರುತ್ತಿದ್ದುದು ಗೋಡೆಯಾಚೆಯ ಗರಾಜಿನಿಂದ. ಬಿಸಿಯಾದ ಲೋಹ ತಣಿಯುವಾಗ ಬರುವ ಸದ್ದು ಅದು.

ಒಳಬಾಗಿಲು ತೆಗೆದು ಗರಾಜಿಗೆ ಇಳಿದಳು. ನೀಲಿ ತನ್ನ ಜಾಗದಲ್ಲೇ ಇತ್ತು. ಫ್ರಾನ್ಸಿನ ಆಲ್ಪೀನ್ ಕಂಪನಿಯ ಗಾಡಿ. ಮೂತಿಯ ಬಳಿ ಮೊಣಕಾಲಿಗಿಂತ ಸ್ವಲ್ಪ ಮೇಲಿದ್ದು, ಏರುತ್ತ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಮುಗಿದೇಹೋಗುವ ಮೈ. ಮನೆಯಲ್ಲಿ ಯಾರೂ ಅದನ್ನು ಕಂಪನಿಯ ಹೆಸರಿನಿಂದ ಕರೆಯುತ್ತಿರಲಿಲ್ಲ, ಬಣ್ಣದಿಂದಲೇ ಕರೆಯುತ್ತಿದ್ದರು. ಅದರ ಎಂಜಿನ್ ಇರುವುದು ಸೀಟಿನ ಹಿಂದೆ. ಹಿಂಬದಿಯ ಮುಚ್ಚಳದ ಮೇಲೆ ವಾಸಂತಿ ಅಂಗೈ ಇಟ್ಟಳು. ಆಗತಾನೇ ಹೆಂಚಿನಿಂದ ಇಳಿದ ರೊಟ್ಟಿಯಷ್ಟು ಬಿಸಿ. ಶನಿವಾರ ಬರಲಿದ್ದ ಗಿರಾಕಿಗೆಂದು ಅವತ್ತು ಸಂಜೆ ಅವಳೇ ಅದನ್ನು ತೊಳೆದು, ಒರೆಸಿ, ಬಾಗಿಲು ಹಾಕಿದ್ದಳು. ಈಗ ಮುಂಬದಿಯ ಬಂಪರಿನ ತುಂಬ ಸತ್ತ ಹುಳಗಳು ಅಂಟಿಕೊಂಡಿದ್ದವು. ಯಾರೋ ಬೇಲಿಸಾಲಿನ ಹಳ್ಳಿ ರಸ್ತೆಗಳಲ್ಲಿ ಮನಸೋ ಇಚ್ಛೆ ಓಡಿಸಿ ತಂದು ನಿಲ್ಲಿಸಿದ್ದರು.

ಕಳ್ಳರೇ ಇರಬೇಕು ಎಂದುಕೊಂಡಳು ವಾಸಂತಿ. ಕೆಟ್ಟದ್ದನ್ನು ಮೊದಲು ನೆನೆಯುವುದು ಅವಳ ಸ್ವಭಾವ. ಆದರೆ ಯಾವ ಕಳ್ಳನೂ ಗಾಡಿಯನ್ನು ತಿರುಗಿ ತಂದು ನಿಲ್ಲಿಸಿ, ಕೀಲಿಯನ್ನು ಅದರದೇ ಮೊಳೆಗೆ ನೇತುಹಾಕಿ ಹೋಗುವುದಿಲ್ಲ. ಮಾವ ದೇವೇಂದ್ರಪ್ಪನವರು ಬೇಸಿಗೆ ಕಳೆಯಲೆಂದು ಹರಿಹರದಿಂದ ಬಂದಿದ್ದರು ನಿಜ. ಆದರೆ ಬಂದ ವಾರದಲ್ಲಿ ಒಮ್ಮೆ ಆ ಗಾಡಿಯೊಳಗೆ ಕೂತಿದ್ದ ಅವರನ್ನು ಹೊರಗೆಳೆಯಲು ಇಬ್ಬರು ಬೇಕಾಗಿದ್ದರು. ಇನ್ನುಳಿದವನು ಒಬ್ಬನೇ.

ಮೇಲೆ ಹೋಗಿ ನೋಡಿದರೆ ಗಂಡ ಕಿಶೋರ್ ಗಲ್ಲದವರೆಗೆ ಹೊದಿಕೆ ಎಳೆದುಕೊಂಡು ಗಾಢ ನಿದ್ರೆಯಲ್ಲಿದ್ದ. ಇದ್ದವನಂತೆ ಇದ್ದ. ಜನರನ್ನು ನಿದ್ದೆಗೆ ಕಳಿಸಿ, ಅವರ ಒಂದೊಂದು ಉಸಿರನ್ನೂ ಕಾದುನೋಡುವುದೇ ವಾಸಂತಿಯ ಕಸುಬು. ಅವಳು ಅರಿವಳಿಕೆ ತಜ್ಞೆ. ನಿಜವಾಗಿ ಮಲಗಿದವನ ಉಸಿರು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಅವಳು ಪಕ್ಕದಲ್ಲಿ ಮಲಗಿ, ಕತ್ತಲಲ್ಲಿ ಚಾವಣಿ ನೋಡುತ್ತ, ನಗು ಬಾಯಿಗೆ ಬಾರದಂತೆ ತುಟಿ ಕಚ್ಚಿಕೊಂಡಳು. ಗಾಡಿಯ ಮಾರಾಟಕ್ಕೆ ಕಾರಣನಾದವನು ಇವನೇ ಅಲ್ಲವೇ?

ಆ ಗಾಡಿಯನ್ನು ಅವಳು ಕೊಂಡದ್ದು ವಸಂತದ ಶುರುವಿನಲ್ಲಿ. ಇಪ್ಪತ್ತು ವರ್ಷದಿಂದ ಅವಳು ಓಡಿಸಿದ್ದೆಲ್ಲ ಎತ್ತರದ, ಭಾರದ, ಭದ್ರವಾದ ಗಾಡಿಗಳು. ಅವುಗಳೊಳಗೆ ಕೂತರೆ ಹೊರಗಿನದೇನೂ ಕೇಳುತ್ತಿರಲಿಲ್ಲ, ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಅವಳಿಗೆ ದಿಗಿಲು. ಮೋಟರ್‌ವೇಯಲ್ಲಿ ಲಾರಿಗಳ ನಡುವೆ ಸ್ಟೀರಿಂಗನ್ನು ಬೆರಳ ಗೆಣ್ಣು ಬೆಳ್ಳಗಾಗುವಂತೆ ಹಿಡಿದು, ಮುಂದಿನ ಗಾಡಿ ಬ್ರೇಕ್ ಹಾಕೀತೇ, ಪಕ್ಕದ್ದು ಒಳಗೆ ನುಗ್ಗೀತೇ ಎಂದು ಎಣಿಸುತ್ತಲೇ ಮನೆ ಸೇರುತ್ತಿದ್ದಳು. ಒಂದು ಭಾನುವಾರ ಲಿಚ್‌ಫೀಲ್ಡ್ ದಾರಿಯ ಶೋರೂಮಿಗೆ ಕಿಶೋರನ ಏಳು ಸೀಟಿನ ಗಾಡಿಯ ಟೈರ್ ವಿಚಾರಿಸಲು ಹೋಗಿ, ಟೈರ್ ಹಾಕುವವರೆಗೆ ಏನು ಮಾಡುವುದೆಂದು ಅಲ್ಲಿ ನಿಂತಿದ್ದ ನೀಲಿ ಗಾಡಿಯನ್ನು ನೋಡುತ್ತ ನಿಂತಳು. ಬೇಕಾದರೆ ಒಂದು ಸುತ್ತು ಹೋಗಿಬನ್ನಿ ಎಂದರು. ಸುಮ್ಮನೆ ಹೋದಳು.

ಹೋದವಳು ಬದಲಾಗಿ ಬಂದಳು ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಮೊದಲ ತಿರುವಿನಲ್ಲೇ ಅವಳಿಗೆ ಒಂದು ವಿಷಯ ಅರ್ಥವಾಯಿತು: ಈ ಗಾಡಿ ಏನನ್ನೂ ಮುಚ್ಚಿಡುವುದಿಲ್ಲ. ಇಡೀ ಗಾಡಿಯ ತೂಕ ಸಾವಿರದ ನೂರು ಕಿಲೋದ ಆಸುಪಾಸು. ಮನೆಯ ದೊಡ್ಡ ಗಾಡಿಯ ಅರ್ಧವೆಂದರೂ ನಡೆಯುತ್ತದೆ. ಡಾಂಬರಿನ ಒರಟು, ಹೊಂಡದ ಅಂಚು, ಮುಂದಿನ ಚಕ್ರ ಒದ್ದೆ ಎಲೆಯ ಮೇಲೆ ಹಾಯ್ದದ್ದು, ಎಲ್ಲವೂ ಬೆರಳಿಗೆ ಬಂದು ತಲುಪುತ್ತಿತ್ತು. ನಾಡಿ ನೋಡಿದ ಹಾಗೆ. ಆದರೂ ಮೈಗೆ ಕುಲುಕಾಟವಿರಲಿಲ್ಲ. ಗಾಡಿ ರಸ್ತೆಯ ಜೊತೆ ಉಸಿರಾಡುತ್ತ ಏರಿ ಇಳಿಯುತ್ತಿತ್ತು. ಬ್ರೇಕ್ ಒತ್ತಿದರೆ ಎಳೆದಾಡದೆ ನಿಲ್ಲುತ್ತಿತ್ತು, ಏಕೆಂದರೆ ನಿಲ್ಲಿಸಬೇಕಾದ್ದೇ ಸ್ವಲ್ಪ. ಸದಾ ಕಾವಲು ಕಾಯುವ ಅವಳ ಕಣ್ಣಿಗೆ ಇಲ್ಲಿ ಕೈತುಂಬ ಕೆಲಸವಿತ್ತು, ದಿಗಿಲಿಗೆ ಮಾತ್ರ ಜಾಗವಿರಲಿಲ್ಲ. ವೇಗದ ಮಿತಿಯನ್ನು ಒಮ್ಮೆಯೂ ಮೀರದೆ ಅವಳು ಅಂದು ಜೀವನದಲ್ಲೇ ಅತಿ ಚೆನ್ನಾಗಿ ಗಾಡಿ ಓಡಿಸಿದ್ದಳು.

ಕಿಶೋರ್ ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ದಪ್ಪ ಉಕ್ಕಿನ ಟ್ಯಾಂಕುಗಳ ನಡುವೆ ಬಾಳಿದವನು. ಅವನ ಲೆಕ್ಕದಲ್ಲಿ ತೂಕವಿದ್ದದ್ದೇ ವಸ್ತು. ಗಾಡಿ ಮನೆಗೆ ಬಂದ ದಿನ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ.

“ಅಲ್ಯೂಮಿನಿಯಂ,” ಎಂದ. “ಗಾಡಿ ಬೇಡ ಅನ್ನಿಸಿದ ದಿನ ಇದ್ರಲ್ಲೇ ಹಾಲು ಕಾಯಿಸ್ಬಹುದು.”

ಆ ಮಾತನ್ನು ಅವಳು ನಕ್ಕು ಬಿಟ್ಟಳು. ಬಿಡಲಾಗದ್ದು ಆಮೇಲೆ ಬಂತು. ಸಟನ್ ಕೋಲ್ಡ್‌ಫೀಲ್ಡಿನ ಅವರದೇ ರಸ್ತೆಯ ಕೊನೆಯಲ್ಲಿರುವ ಮಹೇಶ ಮತ್ತು ಶೋಭಾ ಒಂದು ರಾತ್ರಿ ಐದಾರು ಕನ್ನಡ ಮನೆಗಳವರನ್ನು ಊಟಕ್ಕೆ ಕರೆದಿದ್ದರು. ಎಲ್ಲರೂ ತಟ್ಟೆ ಹಿಡಿದು ನಿಂತಿರುವಾಗ ಮಹೇಶ, ಡಾಕ್ಟರ ಹೊಸ ಗಾಡಿಯಲ್ಲಿ ಎರಡೇ ಸೀಟಂತೆ, ಕಿಶೋರನನ್ನು ಡಿಕ್ಕಿಯಲ್ಲಿ ಕೂರಿಸುತ್ತಾರಾ ಎಂದು ಕೇಳಿದ. ಡಿಕ್ಕಿಯೂ ಚಿಕ್ಕದು, ಅರ್ಧ ಕಿಶೋರ್ ಮಾತ್ರ ಹಿಡಿಸುತ್ತಾನೆ ಎಂದು ಇನ್ಯಾರೋ ಸೇರಿಸಿದರು. ಕಿಶೋರ್ ಎಲ್ಲರಿಗಿಂತ ಜೋರಾಗಿ ನಕ್ಕ. ಮನೆಗೆ ನಡೆದು ಬರುವಾಗ ಮಾತ್ರ ಅವನ ದನಿ ಬೇರೆಯಾಗಿತ್ತು.

“ನಾಲ್ಕು ಜನರ ಮುಂದೆ ಹಗುರ ಆಗೋದು ನಂಗಿಷ್ಟ ಇಲ್ಲ, ವಾಸಂತಿ.”

ಹಗುರ. ಅದೇ ಮಾತು. ಅವಳು ಆ ಗಾಡಿಯನ್ನು ಮೆಚ್ಚಿದ್ದು ಯಾವ ಗುಣಕ್ಕೋ, ಅದೇ ಗುಣ ಇವನ ಬಾಯಲ್ಲಿ ಅವಮಾನವಾಗಿ ಬಂದಿತ್ತು. ಹಗುರಾಗಿ ಹೋಗುವುದಕ್ಕೂ ಹಗುರಾಗಿ ಕಾಣುವುದಕ್ಕೂ ನಮ್ಮ ಭಾಷೆ ಒಂದೇ ಪದ ಇಟ್ಟುಕೊಂಡದ್ದು ಯಾಕೆಂದು ಅವಳಿಗೆ ಸಿಟ್ಟು ಬಂತು. ಆಡುವ ಮೊದಲು ಪ್ರತಿ ಮಾತನ್ನೂ ತಿರುವಿ ನೋಡುವವಳು ಆ ಸಿಟ್ಟಿನಲ್ಲಿ ಒಂದನ್ನು ನೋಡದೆ ಬಿಟ್ಟಳು.

“ಹಾಗಾದ್ರೆ ಮಾರಿಬಿಡ್ತೀನಿ.”

“ಸರಿ,” ಎಂದ ಅವನು. ಅಲ್ಲಿಗೆ ಮುಗಿಯಿತು. ಆಡಿದ ಮಾತನ್ನು ವಾಸಂತಿ ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ, ಒಪ್ಪಿದ್ದನ್ನು ಕಿಶೋರ್ ಬಿಟ್ಟುಕೊಡುವವನಲ್ಲ. ಮರುದಿನವೇ ಅವಳು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಗಾಡಿಯ ಫೋಟೋ ಹಾಕಿದಳು. ಲೀಡ್ಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಿಥುನ್ ಎಂಬ ಬೆಂಗಳೂರಿನ ಹುಡುಗ ಕೂಡಲೇ ಬರೆದ. ಎಷ್ಟೋ ದಿನದಿಂದ ಇಂಥದ್ದೇ ಹುಡುಕುತ್ತಿದ್ದೇನೆ, ಶನಿವಾರ ಬಂದು ನೋಡಿ ಅಂದೇ ತೆಗೆದುಕೊಂಡು ಹೋಗುತ್ತೇನೆ ಎಂದ.

ಇಷ್ಟೆಲ್ಲ ಆದ ಮೇಲೆ, ಮಾರಾಟಕ್ಕೆ ಮೂರು ದಿನ ಇರುವಾಗ, ಬಿಸಿ ಎಂಜಿನ್ನು.

ಬೆಳಿಗ್ಗೆ ಎದ್ದವಳೇ ವಾಸಂತಿ ಒಂದು ಬಕೆಟ್ ನೀರು ತಂದು ಬಂಪರಿನ ಹುಳಗಳನ್ನು ತೊಳೆದಳು. ಕಿಶೋರ್ ಕಿಟಕಿಯಿಂದ ನೋಡಿದ. ಅವಳು ಅವನನ್ನು ನೋಡಲಿಲ್ಲ. ಅಂದಿನಿಂದ ಅವಳು ಮಾಡಿದ್ದು ಅವಳಿಗೆ ಚೆನ್ನಾಗಿ ಬರುವ ಕೆಲಸವನ್ನೇ: ಸುಮ್ಮನೆ ಗಮನಿಸಿದಳು. ಸೀಟು ಒಂದು ಹಲ್ಲು ಹಿಂದಕ್ಕೆ ಸರಿದಿತ್ತು. ಗುರುವಾರ ಸಂಜೆ ಅವನು, ಕೊಳ್ಳುವವರ ಮುಂದೆ ಮರ್ಯಾದೆ ಹೋಗಬಾರದು, ಟೈರಿನ ಗಾಳಿ ನೋಡಿಸಿ ಬರುತ್ತೇನೆ ಎಂದು ಹೊರಟ. ಗಾಳಿ ತುಂಬುವ ಪೆಟ್ರೋಲ್ ಬಂಕ್ ರಸ್ತೆಯ ತಿರುವಿನಲ್ಲೇ ಇದೆ. ಅವನು ಬರುವಷ್ಟರಲ್ಲಿ ಅನ್ನ ಬೆಂದು, ಸಾರು ಕುದಿದು, ಎರಡೂ ಆರಿಹೋಗಿದ್ದವು. ಒಳಗೆ ಬಂದವನ ಮುಖದಲ್ಲಿ ಇಪ್ಪತ್ತೈದರ ಕಳೆಯಿತ್ತು.

“ಕ್ಯೂ ಇತ್ತು,” ಎಂದ.

“ಹೌದಾ,” ಎಂದಳು.

ಶುಕ್ರವಾರ ರಾತ್ರಿ ಪಾತ್ರೆ ಒರೆಸುತ್ತ ಅವನೇ ಮಾತು ತೆಗೆದ.

“ಆ ಮಿಥುನ್ ಖಂಡಿತ ಬರ್ತಾನಂತಾ?”

“ಬೆಳಿಗ್ಗೆ ಫೋನ್ ಮಾಡಿ ಹೊರಡ್ತೀನಿ ಅಂದಿದಾನೆ.”

“ಒಳ್ಳೇದಾಯ್ತು.” ಒಂದೇ ತಟ್ಟೆಯನ್ನು ಎರಡು ಸಲ ಒರೆಸಿದ. “ಈ ಹುಡುಗರು ಇಂಥಾ ಗಾಡಿನ ಸರಿಯಾಗಿ ನೋಡ್ಕೊಳ್ಳಲ್ಲ.”

“ಅದು ಅವನ ಪಾಡು.”

“ಅಲ್ಲ, ಹೇಳ್ದೆ.”

ಇನ್ನೊಂದು ಮಾತು ಬೇಕಾಗಿತ್ತು. ಬೇಡ ಕಣೆ, ಇರಲಿ ಎಂದು ಅವನು ಅಂದಿದ್ದರೆ ಸಾಕಿತ್ತು. ಅವಳು ಕಾದಳು. ಅವನೂ ಏನನ್ನೋ ಕಾಯುತ್ತಿರುವಂತೆ ನಿಂತಿದ್ದ. ಗಾಡಿಯನ್ನು ತಾನು ಬಿಡಲಾರೆ ಎಂದು ಅವಳಿಗೆ ಆ ಕ್ಷಣದಲ್ಲಿ ಸ್ಪಷ್ಟವಾಯಿತು. ಅದು ಹೋದರೆ ಮತ್ತೆ ಲಾರಿಗಳ ನಡುವಿನ ಆ ಬೆಳ್ಳಗಾದ ಬೆರಳುಗಳೇ ಗತಿ. ಆದರೆ ಹಾಗೆಂದು ತಾನಾಗಿ ಹೇಳಿದರೆ, ಗಂಡನನ್ನು ನಾಲ್ಕು ಜನರ ನಗೆಗೆ ಒಡ್ಡಿ ತನ್ನ ಆಟಿಕೆಯನ್ನು ಉಳಿಸಿಕೊಂಡಂತೆ. ಅವನ ಬಾಯಿಂದ ಬರಬೇಕು, ಇಲ್ಲವೇ ಗಾಡಿ ಹೋಗಬೇಕು. ತಟ್ಟೆಗಳು ಮುಗಿದವು. ಇಬ್ಬರೂ ಮಲಗಲು ಹೋದರು.

ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ಪಾಳಿ ಇತ್ತು. ಆಪರೇಷನ್ ಥಿಯೇಟರಿನಲ್ಲಿರುವಾಗ ಮೊಬೈಲ್ ಲಾಕರಿನಲ್ಲಿರುತ್ತದೆ, ಆದ್ದರಿಂದ ಮಿಥುನ್‌ಗೆ ಮನೆಯ ನಂಬರ್ ಕೊಟ್ಟಿದ್ದಳು. ಮಾವ ಇರುತ್ತಾರೆ, ಕನ್ನಡದಲ್ಲೇ ಮಾತಾಡಿ ಎಂದೂ ಬರೆದಿದ್ದಳು. ಮಾವನಿಗೂ ಹೇಳಿದ್ದಳು: ಕಾರು ನೋಡಲು ಬರುವ ಹುಡುಗ ಫೋನ್ ಮಾಡುತ್ತಾನೆ, ಮನೆಯಲ್ಲೇ ಇದೆ, ಮಧ್ಯಾಹ್ನ ಬಾ ಎಂದುಬಿಡಿ. ದೇವೇಂದ್ರಪ್ಪನವರು ಹರಿಹರದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಒಂದು ಕೆಲಸ ಒಪ್ಪಿಸಿದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಬೆಳಗಿನಿಂದಲೇ ಶರ್ಟು ತೊಟ್ಟು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತರು. ಕಿಶೋರ್ ಕೊತ್ತಂಬರಿ ಸೊಪ್ಪು ತರುತ್ತೇನೆಂದು ನೀಲಿಯಲ್ಲಿ ಹೊರಟುಹೋದ.

ಮಧ್ಯಾಹ್ನ ವಾಸಂತಿ ಬಂದಾಗ ಮಾವ ಇನ್ನೂ ಅದೇ ಕುರ್ಚಿಯಲ್ಲಿದ್ದರು. ಕೊತ್ತಂಬರಿ ಇನ್ನೂ ಬಂದಿರಲಿಲ್ಲ.

“ಕಾರಿನ ಹುಡುಗ ಫೋನೇ ಮಾಡ್ಲಿಲ್ಲವ್ವ,” ಎಂದರು. “ಬಂದಿದ್ದು ಒಂದೇ ಫೋನು, ಅದೂ ಏನೋ ತಪ್ಪಿ ಬಂದಿದ್ದು.”

“ಯಾರದು ಮಾವ?”

“ಯಾವನೋ ಕನ್ನಡದೋನೆ. ‘ನಮಸ್ಕಾರ ಅಂಕಲ್, ಆಲ್‌ಪಿನ್ ಇನ್ನೂ ಇದೆಯಾ’ ಅಂದ. ನಂಗೆ ನಗು ಬಂತು. ಸರ್ವೀಸಿನ ತುಂಬ ಫೈಲಿಗೆ ಆಲ್‌ಪಿನ್ ಚುಚ್ಚಿದ್ದಾತು, ಇಲ್ಲಿಗೆ ಬಂದ್ರೂ ಅದನ್ನ ಕೇಳೋರು ಅದಾರಲ್ಲ ಅಂತ.”

ಚೀಲವನ್ನು ಭುಜದಿಂದ ಇಳಿಸುತ್ತಿದ್ದ ವಾಸಂತಿಯ ಕೈ ಅಲ್ಲೇ ನಿಂತಿತು. ಆಲ್ಪೀನ್ ಎಂಬ ಕಂಪನಿಯ ಹೆಸರನ್ನು ಮಿಥುನ್ ಫ್ರೆಂಚರ ಹಾಗೆಯೇ ಶುದ್ಧವಾಗಿ ಉಚ್ಚರಿಸಿರಬೇಕು. ಆ ಹೆಸರು ಈ ಮನೆಯಲ್ಲಿ ಮಾವನ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ.

“ನೀವೇನಂದ್ರಿ?”

“ಇದ್ದದ್ದು ಅಂದೆ. ‘ಇಲ್ಲಪ್ಪ, ಈಗೆಲ್ಲಿ ಆಲ್‌ಪಿನ್ನು, ಎಲ್ಲಾ ಹೋಗ್ಬಿಟ್ವು’ ಅಂದೆ. ‘ಅಯ್ಯೋ, ಯಾವಾಗ ಹೋಯ್ತು ಅಂಕಲ್’ ಅಂದ. ‘ಭಾಳ ದಿನ ಆತು, ನೀನು ತಡ ಮಾಡಿದಿ’ ಅಂದೆ. ಪಾಪ, ಸಪ್ಪಗಾದ. ಇರ್ಲಿ ಬಿಡಿ, ಸ್ಟೋಕ್ ಅನ್ನೋ ಊರಾಗೆ ಇನ್ನೊಂದು ನೋಡಿಟ್ಟೀನಿ, ಸಂಜೆ ಹೋಗಿ ಅದನ್ನೇ ತಗೋತೀನಿ ಅಂದ.” ಅವರು ತಲೆಯಾಡಿಸಿದರು. “ಅಲ್ಲವ್ವ, ಒಂದು ಆಲ್‌ಪಿನ್ ತರಾಕೆ ಇನ್ನೊಂದು ಊರಿಗೆ ಹೋಗ್ತಾನಲ್ಲ. ಸ್ಟೇಪ್ಲರ್ ತಗಳಪ್ಪ, ಚಲೋ ಅದಾವೆ ಅಂತಾನೂ ಹೇಳ್ದೆ.”

“ಅದಕ್ಕೇನಂದ?”

“ಥ್ಯಾಂಕ್ಸ್ ಅಂದ.”

ವಾಸಂತಿ ಅಡುಗೆಮನೆಗೆ ಹೋಗಿ ಫ್ರಿಜ್ಜಿಗೆ ಹಣೆಯೊತ್ತಿ ನಿಂತಳು. ಹೊಟ್ಟೆ ಹಿಡಿದು ನಗಬೇಕೆನಿಸುತ್ತಿತ್ತು, ಆದರೆ ನಗುವಷ್ಟು ಸಮಯವಿರಲಿಲ್ಲ. ಸಂಜೆಗಿನ್ನೂ ಹೊತ್ತಿತ್ತು. ಒಂದು ಫೋನ್ ಮಾಡಿ ಮಾವನ ತಪ್ಪನ್ನು ತಿಳಿಸಿದರೆ ಹುಡುಗ ಸ್ಟೋಕ್ ಬಿಟ್ಟು ಇಲ್ಲಿಗೆ ಬರುತ್ತಾನೆ. ಮಾರುತ್ತೇನೆ ಎಂದು ಮಾತು ಕೊಟ್ಟವಳು ಮಾಡಬೇಕಾದ್ದು ಅದನ್ನೇ. ಮೊಬೈಲ್ ತೆಗೆದು ಅವನ ಹೆಸರಿನವರೆಗೂ ಹೋದಳು. ಅಷ್ಟರಲ್ಲಿ ಗರಾಜಿನ ಬಾಗಿಲು ತೆರೆದ ಸದ್ದಾಯಿತು. ಕಿಶೋರ್ ಒಂದು ಕಟ್ಟು ಕೊತ್ತಂಬರಿ ಹಿಡಿದು ಬಂದ. ಸೊಪ್ಪು ಬಾಡಿಹೋಗಿತ್ತು, ದೂರದ ಗುಡ್ಡಗಾಡಿನ ಬಕ್ಸ್‌ಟನ್‌ವರೆಗೆ ಹೋಗಿಬಂದ ಸೊಪ್ಪಿನ ಹಾಗೆ.

“ಬಂದಿದ್ನಾ?” ಎಂದು ಕೇಳಿದ. ದನಿ ಸಹಜವಾಗಿರಲೆಂದು ಬಹಳ ಪ್ರಯತ್ನಪಟ್ಟಿದ್ದ.

“ಇಲ್ಲ. ಮಾವನ ಹತ್ರ ಮಾತಾಡಿದಾನೆ.”

ದೇವೇಂದ್ರಪ್ಪನವರಿಗೆ ಇಷ್ಟೇ ಸಾಕಾಯಿತು. ಕಾರಿನವನು ಫೋನ್ ಮಾಡಿಲ್ಲ ಎಂದು ಸೊಸೆಯನ್ನು ತಿದ್ದಿ, ಆಲ್‌ಪಿನ್ ಕೇಳಿದವನ ಕಥೆಯನ್ನು ಮೊದಲಿನಿಂದ, ಈ ಸಲ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತ ಹೇಳಿದರು. ವಾಸಂತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಮೊದಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಹುಬ್ಬು ಏರಿತು. ‘ಸ್ಟೋಕ್’ ಬಂದಾಗ ಅವನು ಕೆಮ್ಮತೊಡಗಿ, ಸಿಂಕಿನ ಕಡೆ ತಿರುಗಿ, ಕೊತ್ತಂಬರಿಯನ್ನು ಅಗತ್ಯಕ್ಕಿಂತ ಬಹಳ ಹೊತ್ತು ತೊಳೆದ. ಅವನ ಭುಜಗಳು ಅಲುಗುತ್ತಿದ್ದವು. ಮಾವ ಕಥೆ ಮುಗಿಸಿ, ಹಸಿವಾಗುತ್ತಿದೆ ಎಂದು ಕೈತೊಳೆಯಲು ಹೋದರು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಅವನು ನಲ್ಲಿ ನಿಲ್ಲಿಸಿದ.

“ಹುಡುಗನಿಗೆ ಫೋನ್ ಮಾಡಿ ಹೇಳ್ಬೇಕು ಅಲ್ವಾ?”

“ನಂಬರ್ ತೆಗೆದಿಟ್ಟಿದೀನಿ,” ಎಂದು ಅವಳು ಮೊಬೈಲನ್ನು ಅಡುಗೆ ಕಟ್ಟೆಯ ಮೇಲೆ, ಇಬ್ಬರ ನಡುವೆ ಇಟ್ಟಳು. “ಮಾಡ್ಲಾ? ನೀವು ಹೇಳಿ.”

ಅವನು ಆ ಫೋನನ್ನು ನೋಡಿದ. ಅದರ ತೆರೆಯ ಬೆಳಕು ಮಂಕಾಗಿ ಆರಿಹೋಯಿತು. ಅವಳು ಅದನ್ನು ಮತ್ತೆ ಬೆಳಗಿಸಲಿಲ್ಲ. ಹೆದರಿಕೆಯೂ ಆಗಲಿಲ್ಲ ಎಂಬುದನ್ನು ಗಮನಿಸಿದಳು. ತಿರುವಿನಲ್ಲಿ ಆ ಗಾಡಿಯನ್ನು ನಂಬಿದ ಹಾಗೆ ಈ ಕ್ಷಣವನ್ನು ನಂಬಿ ಕೈ ಸಡಿಲ ಬಿಟ್ಟಿದ್ದಳು.

“ಬೇಡ ಬಿಡು,” ಎಂದ ಕಿಶೋರ್. ಅವಳ ಕಡೆ ನೋಡದೆ ಸೇರಿಸಿದ: “ಚೆನ್ನಾಗಿದೆ ಕಣೆ ಗಾಡಿ. ಬಕ್ಸ್‌ಟನ್ ಘಾಟಿನಲ್ಲಿ ತಿರುಗಿಸಿದ್ರೆ... ಭಾರ ಅನ್ನೋದೇ ಇಲ್ಲ. ನಾವು ಸುಮ್ನೆ ಇಷ್ಟು ವರ್ಷ ಮಂಚ ಎಳೆದಾಡಿದಂಗೆ ಓಡಿಸ್ತಿದ್ವಿ.”

“ಮಹೇಶ ಮತ್ತೆ ಡಿಕ್ಕಿ ಅಂದ್ರೆ?”

“ಅವನನ್ನ ಒಂದು ಸುತ್ತು ಕೂರಿಸ್ಕೊಂಡು ಹೋಗ್ತೀನಿ. ಆಮೇಲೆ ಮಾತಾಡ್ಲಿ.”

ವಾಸಂತಿ ಬಾಡಿದ ಸೊಪ್ಪನ್ನು ಅವನ ಕೈಯಿಂದ ತೆಗೆದುಕೊಂಡು ಹೆಚ್ಚತೊಡಗಿದಳು. ಕೀಲಿ ವಾರದ ದಿನಗಳಲ್ಲಿ ತನ್ನದು, ಭಾನುವಾರ ಬೇಕಾದರೆ ಕೇಳಿ ತೆಗೆದುಕೊಳ್ಳಬಹುದು ಎಂದಳು. ಅವನು ಚೌಕಾಸಿಗೆ ಇಳಿದ, ಅವಳು ಬಗ್ಗಲಿಲ್ಲ.

ರಾತ್ರಿ ಮಿಥುನ್ ಗುಂಪಿನಲ್ಲಿ ಒಂದು ಫೋಟೋ ಹಾಕಿದ. ಸ್ಟೋಕಿನ ಗಾಡಿ ಬಿಳಿಯದು. ಅದರ ಪಕ್ಕದಲ್ಲಿ ಅವನು ಮದುಮಗನಂತೆ ನಿಂತಿದ್ದ. ನಿಜ ಹೇಳಬೇಕೆಂದರೆ ಮೊದಲಿಂದಲೂ ಬಿಳಿಯೇ ಬೇಕಿತ್ತು ಎಂದು ಕೆಳಗೆ ಬರೆದಿದ್ದ. ವಾಸಂತಿ ಎಲ್ಲರಿಗಿಂತ ಮೊದಲು ಶುಭಾಶಯ ಕಳಿಸಿದಳು. ಅದರ ಹಿಂದೆಯೇ ಶೋಭಾಳ ಫೋನ್ ಬಂತು.

“ಏನ್ರೀ, ನಿಮ್ಮ ಗಾಡಿ ಅವನೇ ತಗೋತಾನೆ ಅಂತಿದ್ರಲ್ಲ. ಏನಾಯ್ತು?”

ಪಕ್ಕದ ಕೋಣೆಯಲ್ಲಿ ಮಾವ ಹರಿಹರದ ಗೆಳೆಯರೊಬ್ಬರಿಗೆ ಬೆಳಗಾದ ಮೇಲೆ ಕೇಳಲೆಂದು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತ, ಇಲ್ಲಿನ ಕಚೇರಿಗಳಲ್ಲೂ ಆಲ್‌ಪಿನ್ನಿಗೆ ತತ್ವಾರವೆಂದು ಗಂಭೀರವಾಗಿ ವಿವರಿಸುತ್ತಿದ್ದರು. ಶೋಭಾಳ ಮುಂದೆ ಹೇಳಿದರೆ ಎಂಥ ಕಥೆ! ನಾಳೆ ಬೆಳಗಾಗುವಷ್ಟರಲ್ಲಿ ಲೀಡ್ಸಿನಿಂದ ಲೆಸ್ಟರಿನವರೆಗೆ ಪ್ರತಿ ಕನ್ನಡ ಮನೆಯಲ್ಲೂ ಬಿದ್ದು ಬಿದ್ದು ನಗುತ್ತಾರೆ. ಮುಂದಿನ ಊಟದಲ್ಲಿ ಮಹೇಶ ಮಾವನ ಕೈಗೆ ಒಂದು ಡಬ್ಬಿ ಆಲ್‌ಪಿನ್ ಕೊಟ್ಟು ಫೋಟೋ ತೆಗೆಸುತ್ತಾನೆ. ಒಪ್ಪಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡಿದ ಆ ಹಿರಿಯರಿಗೆ ತಾವು ಮಾಡಿದ್ದೇನೆಂದು ಆಗ ಗೊತ್ತಾಗುತ್ತದೆ. ಕಥೆ ನಾಲಿಗೆಯ ತುದಿಯವರೆಗೆ ಬಂದಿತ್ತು. ವಾಸಂತಿ ಅದನ್ನು ತಿರುವಿ ನೋಡಿದಳು, ಚೆನ್ನಾಗಿಯೇ ಇತ್ತು. ಶೋಭಾಗಿರಲಿ, ಮಿಥುನ್‌ಗಿರಲಿ, ಮಾವನಿಗಿರಲಿ, ಯಾರಿಗೂ ಎಂದಿಗೂ ಇದನ್ನು ಹೇಳಬಾರದೆಂದು ನಿಶ್ಚಯಿಸಿಕೊಂಡಳು.

“ಏನಿಲ್ಲ ಶೋಭಾ,” ಎಂದಳು. “ನಾವು ಮಾರ್ಲಿಲ್ಲ, ಅಷ್ಟೆ.”